ಡೆಬಿಯನ್ 9 ಇರುವ ಹಳೆಯ ಕೋಹಾ ಸರ್ವರ್‌ನಲ್ಲಿ ಗ್ರಾಫಿಕಲ್ ಡೆಸ್ಕ್‌ಟಾಪ್ ಅಳವಡಿಸಬಹುದೇ?

ಪುಸ್ತಕಪಾಲಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರ ಗ್ರಂಥಪಾಲಕಿ. ನಮ್ಮ ಗ್ರಂಥಾಲಯದ ಕೋಹಾ ತಂತ್ರಾಂಶವು ಡೆಬಿಯನ್ 9 ಎಂಬ ಲಿನಕ್ಸ್ ವ್ಯವಸ್ಥೆ ಇರುವ ಒಂದು ಹಳೆಯ ಯಂತ್ರದಲ್ಲಿ ನಡೆಯುತ್ತಿದೆ. ಅದನ್ನು ಅಳವಡಿಸಿಕೊಟ್ಟವರು ಸರ್ವರ್‌ಗೆ ಬೇಕಾದಷ್ಟನ್ನು ಮಾತ್ರ ಹಾಕಿ ಹೋಗಿರುವುದರಿಂದ, ಯಂತ್ರವನ್ನು ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಲಾಗಿನ್ ಕೇಳುವ ಸಾಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಈವರೆಗೆ ಪಕ್ಕದ ಮೇಜಿನಲ್ಲಿದ್ದ ವಿಂಡೋಸ್ ಕಂಪ್ಯೂಟರಿನ ಬ್ರೌಸರ್‌ನಿಂದ ಪುಸ್ತಕ ಕೊಡುವ, ಹಿಂಪಡೆಯುವ ಕೆಲಸವೆಲ್ಲ ನಡೆಯುತ್ತಿತ್ತು. ಆ ಕಂಪ್ಯೂಟರ್ ಈಗ ಕೆಟ್ಟು ನಿಂತಿದೆ. ಹೊಸದಕ್ಕೆ ಮನವಿ ಸಲ್ಲಿಸಿದ್ದೇವೆ, ಆದರೆ ಅನುದಾನ ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ.

ಆದ್ದರಿಂದ ಸರ್ವರ್ ಯಂತ್ರಕ್ಕೇ ಒಂದು ಡೆಸ್ಕ್‌ಟಾಪ್ ಹಾಕಿ, ಅದರಲ್ಲೇ ಬ್ರೌಸರ್ ತೆರೆದು ಕೆಲಸ ಮಾಡಬಹುದೇ ಎಂಬುದು ನನ್ನ ಪ್ರಶ್ನೆ. ಯಂತ್ರದಲ್ಲಿರುವುದು ಕೋರ್ 2 ಡ್ಯುಯೊ ಪ್ರೊಸೆಸರ್, ಇಂಟೆಲ್ ಜಿ41 ಚಿಪ್‌ಸೆಟ್‌ನ ಬೋರ್ಡ್, 2 ಜಿಬಿ ರ್‍ಯಾಮ್ ಮತ್ತು 160 ಜಿಬಿ ಡಿಸ್ಕ್. ಕೋಹಾ ನಿಲ್ಲಬಾರದು, ದತ್ತಾಂಶಕ್ಕೆ ಏನೂ ಆಗಬಾರದು ಎಂಬುದೇ ನನ್ನ ಮೊದಲ ಚಿಂತೆ. ಪ್ಯಾಕೇಜುಗಳನ್ನು (ಅಳವಡಿಸಬಹುದಾದ ತಂತ್ರಾಂಶದ ಕಟ್ಟುಗಳನ್ನು) ತರುವ ಆಪ್ಟ್‌ಗೆ ಆಪ್ಟ್-ಗೆಟ್ ಅಪ್‌ಡೇಟ್ ಎಂದು ಕೊಟ್ಟು ನೋಡಿದೆ. ಸಾಲುಸಾಲಾಗಿ 404 ಎಂಬ ದೋಷ ಬರುತ್ತದೆ, ಅಂದರೆ ಪ್ಯಾಕೇಜುಗಳು ಸಿಗುತ್ತಲೇ ಇಲ್ಲ. ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಡಿಇ ಎಂದು ಡೆಸ್ಕ್‌ಟಾಪ್‌ಗಳ ಹಲವು ಹೆಸರುಗಳನ್ನು ಓದಿದ್ದೇನೆ, ಯಾವುದನ್ನು ಆರಿಸಿಕೊಳ್ಳಬೇಕೆಂದು ತಿಳಿಯುತ್ತಿಲ್ಲ. ಪುಸ್ತಕಗಳ ಶೀರ್ಷಿಕೆಗಳನ್ನು ಕನ್ನಡದಲ್ಲಿ ನಮೂದಿಸುವ ಕಾರಣ ಕನ್ನಡ ಟೈಪಿಂಗ್ ಕೂಡ ಬೇಕು. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಹಳೇಪೆಟ್ಟಿಗೆ ಉತ್ತರಿಸಿದ್ದು:

ಮೇಡಂ, ನೀವು ಹೇಳಿದ ಯಂತ್ರದಲ್ಲಿ ಡೆಸ್ಕ್‌ಟಾಪ್ ಖಂಡಿತ ನಡೆಯುತ್ತದೆ. ಕೆಲಸ ಕಷ್ಟದ್ದೇನಲ್ಲ, ಆದರೆ ಅನುಕ್ರಮ ತಪ್ಪಬಾರದು. ಆಜ್ಞೆಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಕೊಡಿ.

ಎಲ್ಲಕ್ಕಿಂತ ಮೊದಲು ಬ್ಯಾಕಪ್. ಕೋಹಾದ ಡೆಬಿಯನ್ ಪ್ಯಾಕೇಜಿನ ಜೊತೆಗೇ ಕೋಹಾ-ಡಂಪ್ ಎಂಬ ಆಜ್ಞೆ ಬರುತ್ತದೆ. ಅದರ ಮುಂದೆ ನಿಮ್ಮ ಕೋಹಾ ಇನ್‌ಸ್ಟನ್ಸ್‌ನ (ಯಂತ್ರದಲ್ಲಿ ನಡೆಯುತ್ತಿರುವ ಕೋಹಾ ಸ್ಥಾಪನೆಯ) ಹೆಸರು ಕೊಟ್ಟರೆ, ದತ್ತಸಂಚಯದ ಪ್ರತಿಯೊಂದು ಮತ್ತು ಸಂರಚನಾ ಕಡತಗಳ ಕಟ್ಟೊಂದು /ವಾರ್/ಸ್ಪೂಲ್/ಕೋಹಾ ಕೆಳಗೆ ಆ ಹೆಸರಿನ ಕೋಶದಲ್ಲಿ (ಫೋಲ್ಡರಿನಲ್ಲಿ) ಸಿದ್ಧವಾಗುತ್ತವೆ. ಹೆಸರು ಗೊತ್ತಿಲ್ಲದಿದ್ದರೆ ಕೋಹಾ-ಲಿಸ್ಟ್ ಎಂದು ಕೊಟ್ಟರೆ ತೋರಿಸುತ್ತದೆ. ಈ ಪ್ಯಾಕೇಜು ಪ್ರತಿದಿನ ತಾನಾಗಿಯೇ ಬ್ಯಾಕಪ್ ತೆಗೆದು ಹಳೆಯದನ್ನು ಅಳಿಸುತ್ತ ಇರುತ್ತದೆಯಾದರೂ, ಆ ಪ್ರತಿಗಳು ಇರುವುದು ಅದೇ ಡಿಸ್ಕಿನಲ್ಲಿ ಎಂಬುದನ್ನು ಮರೆಯಬೇಡಿ. ಎರಡೂ ಕಡತಗಳನ್ನು ಪೆನ್ ಡ್ರೈವಿಗೆ ನಕಲಿಸಿಕೊಂಡು, ಇನ್ನೊಂದು ಕಂಪ್ಯೂಟರಿನಲ್ಲಿ ಅವು ತೆರೆಯುತ್ತವೆಯೇ ಎಂದು ನೋಡಿದ ಮೇಲೆ ಮಾತ್ರ ಮುಂದಿನ ಹೆಜ್ಜೆ ಇಡಿ.

ಇನ್ನು 404 ದೋಷದ ವಿಚಾರ. ಸ್ಟ್ರೆಚ್ ಎಂಬ ಸಂಕೇತನಾಮದ ಡೆಬಿಯನ್ 9 ಬಿಡುಗಡೆಯಾದದ್ದು 2017ರ ಜೂನ್‌ನಲ್ಲಿ. ಅದರ ದೀರ್ಘಾವಧಿ ಬೆಂಬಲ 2022ರ ಜೂನ್ ಅಂತ್ಯಕ್ಕೆ ಮುಗಿಯಿತು. ಅನಂತರ ಪ್ಯಾಕೇಜುಗಳನ್ನು ಎಂದಿನ ಮಿರರ್‌ಗಳಿಂದ (ಪ್ಯಾಕೇಜುಗಳ ಪ್ರತಿ ಇಟ್ಟಿರುವ ಸರ್ವರ್‌ಗಳಿಂದ) ತೆಗೆದು ಡೆಬಿಯನ್‌ನ ಆರ್ಕೈವ್ ಸರ್ವರ್‌ಗೆ ಸಾಗಿಸಿದ್ದಾರೆ. ನಿಮ್ಮ ಯಂತ್ರ ಹಳೆಯ ವಿಳಾಸದಲ್ಲೇ ಹುಡುಕುತ್ತಿರುವುದರಿಂದ ಅದಕ್ಕೆ ಏನೂ ಸಿಗುತ್ತಿಲ್ಲ. /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್ ಕಡತದ ಪ್ರತಿಯೊಂದನ್ನು ತೆಗೆದಿಟ್ಟು, ಅದರಲ್ಲಿರುವ ಹಳೆಯ ಸಾಲುಗಳನ್ನು ಆಪ್ಟ್ ಓದದಂತೆ ಅವುಗಳ ಮುಂದೆ ಹ್ಯಾಶ್ (#) ಗುರುತು ಹಾಕಿ, ಈ ಎರಡು ಸಾಲುಗಳನ್ನು ಸೇರಿಸಿ:

ಡೆಬ್ ಎಚ್‌ಟಿಟಿಪಿ://ಆರ್ಕೈವ್.ಡೆಬಿಯನ್.ಆರ್ಗ್/ಡೆಬಿಯನ್ ಸ್ಟ್ರೆಚ್ ಮೇನ್

ಡೆಬ್ ಎಚ್‌ಟಿಟಿಪಿ://ಆರ್ಕೈವ್.ಡೆಬಿಯನ್.ಆರ್ಗ್/ಡೆಬಿಯನ್-ಸೆಕ್ಯುರಿಟಿ ಸ್ಟ್ರೆಚ್/ಅಪ್‌ಡೇಟ್ಸ್ ಮೇನ್

ಎಚ್‌ಟಿಟಿಪಿಎಸ್ ಬದಲು ಎಚ್‌ಟಿಟಿಪಿ ಎಂದೇ ಬರೆಯಿರಿ. ಸ್ಟ್ರೆಚ್‌ನಲ್ಲಿರುವ ಆಪ್ಟ್ 1.4ಕ್ಕೆ ಎಚ್‌ಟಿಟಿಪಿಎಸ್ ಅರ್ಥವಾಗಬೇಕಾದರೆ ಇನ್ನೊಂದು ಪ್ಯಾಕೇಜು ಬೇಕು, ಆ ಸಾಮರ್ಥ್ಯ ಆಪ್ಟ್‌ನೊಳಗೇ ಬಂದದ್ದು 1.5ರಿಂದ. ಪ್ಯಾಕೇಜುಗಳ ಸಾಚಾತನವನ್ನು ಆಪ್ಟ್ ಡಿಜಿಟಲ್ ಸಹಿಯಿಂದ ಪರೀಕ್ಷಿಸುತ್ತದೆಯೇ ಹೊರತು ವಿಳಾಸದಿಂದಲ್ಲ. ಸ್ಟ್ರೆಚ್-ಅಪ್‌ಡೇಟ್ಸ್ ಎಂಬ ಪ್ರತ್ಯೇಕ ಸಾಲೇನಾದರೂ ಮೊದಲಿದ್ದರೆ ಅದನ್ನು ಬಿಟ್ಟುಬಿಡಿ. ಬಿಡುಗಡೆ ಕಡತದ ಅವಧಿ ಮೀರಿದೆ ಎಂಬ ದೋಷ ಬಂದರೆ, ಆಪ್ಟ್-ಗೆಟ್ ಅಪ್‌ಡೇಟ್ ಕೊಡುವಾಗ -ಓ ಅಕ್ವೈರ್::ಚೆಕ್-ವ್ಯಾಲಿಡ್-ಅಂಟಿಲ್=ಫಾಲ್ಸ್ ಎಂದು ಜೊತೆಗೆ ಸೇರಿಸಿ.

ಇಲ್ಲಿ ಒಂದು ಅಪಾಯವಿದೆ. /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಕೋಶದಲ್ಲಿ ಕೋಹಾ ಸಮುದಾಯದ ಭಂಡಾರದ ವಿಳಾಸವಿರುವ ಕಡತವೊಂದು ಇರುವ ಸಾಧ್ಯತೆ ಹೆಚ್ಚು. ಅದರಲ್ಲಿ ಆವೃತ್ತಿ ಸಂಖ್ಯೆಯ ಬದಲು ಸ್ಟೇಬಲ್ ಎಂದು ಬರೆದಿದ್ದರೆ, ನೀವು ಅಪ್‌ಡೇಟ್ ಕೊಟ್ಟ ಕೂಡಲೇ ಆಪ್ಟ್‌ಗೆ ಇಂದಿನ ಕೋಹಾ ಕಾಣುತ್ತದೆ. ಅದು ಸ್ಟ್ರೆಚ್‌ಗಾಗಿ ಮಾಡಿದ್ದಲ್ಲ. ಆ ಸಾಲಿನ ಮುಂದೆಯೂ ಹ್ಯಾಶ್ ಹಾಕಿ, ಜೊತೆಗೆ ಆಪ್ಟ್-ಮಾರ್ಕ್ ಹೋಲ್ಡ್ ಕೋಹಾ-ಕಾಮನ್ ಎಂದು ಕೊಟ್ಟರೆ ಕೋಹಾ ಇರುವಲ್ಲೇ ಇರುತ್ತದೆ. ಅಪ್‌ಗ್ರೇಡ್, ಡಿಸ್ಟ್-ಅಪ್‌ಗ್ರೇಡ್, ಆಟೊರಿಮೂವ್ ಇವು ಮೂರನ್ನೂ ಈ ಕೆಲಸದ ನಡುವೆ ಮುಟ್ಟಬೇಡಿ.

ಡೆಸ್ಕ್‌ಟಾಪ್ ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರ ಎಕ್ಸ್‌ಎಫ್‌ಸಿಇ. ಸ್ಟ್ರೆಚ್‌ನಲ್ಲಿರುವುದು ಅದರ 4.12ನೇ ಆವೃತ್ತಿ, ಸಾಧುವಾದ, ಹಗುರವಾದ ಆವೃತ್ತಿ. ಎಲ್‌ಎಕ್ಸ್‌ಡಿಇ ಇನ್ನೂ ಸ್ವಲ್ಪ ಹಗುರ, ಅದೂ ಆಗಬಹುದು. ಗ್ನೋಮ್ 3.22 ಗ್ರಾಫಿಕ್ಸ್ ವೇಗವರ್ಧನೆಯನ್ನು ನೆಚ್ಚಿಕೊಂಡಿರುವುದರಿಂದ ಜಿ41ರ ಮೇಲೆ, ಅದರಲ್ಲೂ 2 ಜಿಬಿ ರ್‍ಯಾಮನ್ನು ದತ್ತಸಂಚಯದೊಡನೆ ಹಂಚಿಕೊಂಡು, ಸುಖವಾಗಿ ನಡೆಯುವುದಿಲ್ಲ. ಆದರೆ ಎಕ್ಸ್‌ಎಫ್‌ಸಿಇಯೋ ಎಲ್‌ಎಕ್ಸ್‌ಡಿಇಯೋ ಎಂದು ಬಹಳ ತಲೆಕೆಡಿಸಿಕೊಳ್ಳಬೇಡಿ, ಏಕೆಂದರೆ ಎರಡರ ನಡುವಿನ ವ್ಯತ್ಯಾಸವನ್ನು ಬ್ರೌಸರಿನ ಒಂದೆರಡು ಟ್ಯಾಬುಗಳೇ ನುಂಗಿಹಾಕುತ್ತವೆ.

ಅನೇಕ ಮಾರ್ಗದರ್ಶಿಗಳು ಟಾಸ್ಕ್‌ಸೆಲ್ (ಪ್ಯಾಕೇಜುಗಳ ಗುಂಪನ್ನೇ ಒಟ್ಟಿಗೆ ಅಳವಡಿಸುವ ಸಾಧನ) ನಡೆಸಿ ಡೆಸ್ಕ್‌ಟಾಪ್ ಗುರುತು ಹಾಕಿ ಎನ್ನುತ್ತವೆ. ಹೊಸ ಯಂತ್ರಕ್ಕೆ ಅದು ಸರಿ, ಆದರೆ ನಡೆಯುತ್ತಿರುವ ಸರ್ವರ್‌ಗೆ ಬೇಡ. ಲಿಬ್ರೆಆಫೀಸ್ ಮೊದಲಾಗಿ ನೀವು ಕೇಳದ ಎಷ್ಟೋ ಸಾಮಾನು ಅದರ ಬೆನ್ನಿಗೆ ಬರುತ್ತದೆ. ಬೇಕಾದವುಗಳನ್ನು ಹೆಸರಿಟ್ಟು ಕರೆಯುವುದು ಮೇಲು. ಮೊದಲು -ಎಸ್ ಹಾಕಿ ತಾಲೀಮು ನಡೆಸಿ. ಆಗ ಆಪ್ಟ್ ಏನನ್ನೂ ಬದಲಿಸದೆ, ಏನು ಮಾಡುವೆನೆಂದು ಮಾತ್ರ ಹೇಳುತ್ತದೆ:

ಆಪ್ಟ್-ಗೆಟ್ -ಎಸ್ ಇನ್‌ಸ್ಟಾಲ್ --ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಎಕ್ಸ್‌ಸರ್ವರ್-ಎಕ್ಸ್‌ಆರ್ಗ್ ಎಕ್ಸ್‌ಇನಿಟ್ ಎಕ್ಸ್‌ಎಫ್‌ಸಿಇ4 ಎಕ್ಸ್‌ಎಫ್‌ಸಿಇ4-ಟರ್ಮಿನಲ್ ಡಿಬಸ್-ಎಕ್ಸ್11 ಲಿಬ್‌ಪ್ಯಾಮ್-ಸಿಸ್ಟಂಡಿ ಪಾಲಿಸಿಕಿಟ್-1 ಫೈರ್‌ಫಾಕ್ಸ್-ಇಎಸ್‌ಆರ್

ಶಿಫಾರಸು ಪ್ಯಾಕೇಜುಗಳು ಬೇಡ ಎಂದು ಹೇಳುತ್ತಿರುವುದರಿಂದ ಡಿಬಸ್-ಎಕ್ಸ್11 ಮತ್ತು ಲಿಬ್‌ಪ್ಯಾಮ್-ಸಿಸ್ಟಂಡಿ ಎರಡನ್ನೂ ನಾವೇ ಹೆಸರಿಸಬೇಕಾಗುತ್ತದೆ. ಮೊದಲನೆಯದಿಲ್ಲದಿದ್ದರೆ ಎಕ್ಸ್‌ಎಫ್‌ಸಿಇ ತನ್ನ ಸೆಟ್ಟಿಂಗ್ಸ್ ಸರ್ವರ್ ಸಿಗಲಿಲ್ಲವೆಂದು ದೂರುತ್ತದೆ, ಎರಡನೆಯದಿಲ್ಲದಿದ್ದರೆ ಸಾಮಾನ್ಯ ಬಳಕೆದಾರರಿಗೆ ಪರದೆಯನ್ನು ತೆರೆಯುವ ಅನುಮತಿ ಸಿಗದೆ ಎಕ್ಸ್ (ಪರದೆಯ ಮೇಲೆ ಚಿತ್ರ ಮೂಡಿಸುವ ತಂತ್ರಾಂಶ) ನಿಂತುಬಿಡಬಹುದು. ತಾಲೀಮಿನ ಫಲಿತಾಂಶದಲ್ಲಿ, ತೆಗೆದುಹಾಕಲಾಗುವ ಪ್ಯಾಕೇಜುಗಳು ಎಂಬ ಪಟ್ಟಿಯನ್ನೇ ಹುಡುಕಿ ಓದಿ. ಅಲ್ಲಿ ಕೋಹಾ, ಮಾರಿಯಾಡಿಬಿ, ಅಪಾಚೆ ಈ ಹೆಸರುಗಳಲ್ಲಿ ಒಂದು ಕಂಡರೂ ನಿಲ್ಲಿಸಿ, ಆ ಪಟ್ಟಿಯನ್ನು ಇಲ್ಲಿ ಹಾಕಿ. ಪಟ್ಟಿ ಖಾಲಿಯಿದ್ದರೆ -ಎಸ್ ತೆಗೆದು ಅದೇ ಆಜ್ಞೆಯನ್ನು ಮತ್ತೆ ಕೊಡಿ. ಮುಗಿದ ಮೇಲೆ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಅಲ್ಲದ ಬಳಕೆದಾರರಾಗಿ ಲಾಗಿನ್ ಆಗಿ, ಸ್ಟಾರ್ಟ್‌ಎಕ್ಸ್ ಎಂದು ಕೊಟ್ಟರೆ ಡೆಸ್ಕ್‌ಟಾಪ್ ಬರಬೇಕು. ಅದಕ್ಕೆ ಮುಂದೆ ಸುಡೊ (ರೂಟ್‌ನ ಅಧಿಕಾರದಿಂದ ನಡೆಸುವ ಆಜ್ಞೆ) ಸೇರಿಸಬೇಡಿ. ಸೇರಿಸಿದರೆ ನಿಮ್ಮ ಮನೆಕೋಶದಲ್ಲಿರುವ ಕೆಲವು ಕಡತಗಳು ರೂಟ್‌ನ ಒಡೆತನಕ್ಕೆ ಹೋಗಿ, ಮುಂದಿನ ಸಲ ಡೆಸ್ಕ್‌ಟಾಪ್ ತೆರೆಯುವುದೇ ಇಲ್ಲ.

ತೆರೆಯಿಲ್ಲದವ ಉತ್ತರಿಸಿದ್ದು:

ಮೇಲಿನ ವಿವರಣೆಯಲ್ಲಿ ತಾಂತ್ರಿಕವಾಗಿ ತಕರಾರಿಲ್ಲ, ಆದರೆ ಈ ಕೆಲಸವೇ ಬೇಕೇ ಎಂದು ಒಮ್ಮೆ ಕೇಳಬೇಕೆನಿಸುತ್ತದೆ. ಕೋಹಾದ ಸಿಬ್ಬಂದಿ ಪುಟವೂ ಓದುಗರ ಪುಟವೂ ಜಾಲದ ಮೂಲಕ ತೆರೆಯುವಂಥವು. ಅದೇ ಜಾಲದಲ್ಲಿ ಯಾವುದಾದರೂ ಒಂದು ಲ್ಯಾಪ್‌ಟಾಪ್ ಇದ್ದರೂ ಸಾಕು, ಸರ್ವರ್‌ನ ಮುಂದೆ ಯಾರೂ ಕುಳಿತುಕೊಳ್ಳಬೇಕಾಗಿಲ್ಲ. 2022ರ ನಂತರ ಒಂದೂ ಭದ್ರತಾ ಪರಿಷ್ಕರಣೆ ಕಾಣದ ವ್ಯವಸ್ಥೆಯ ಮೇಲೆ ಬ್ರೌಸರ್ ಹಾಕುವುದೆಂದರೆ, ಗ್ರಂಥಾಲಯದ ದಾಖಲೆಗಳೆಲ್ಲ ಇರುವ ಯಂತ್ರದಲ್ಲೇ ಹೊರಗಿನ ಜಾಲತಾಣಗಳಿಗೆ ಬಾಗಿಲು ತೆರೆದಂತೆ. ಸ್ಟ್ರೆಚ್‌ಗೆ ಕೊನೆಗೆ ಬಂದ ಫೈರ್‌ಫಾಕ್ಸ್ 91ನೇ ಸರಣಿಯದು. ಅದರ ಬಳಿಕ ಪತ್ತೆಯಾದ ದೋಷಗಳೆಲ್ಲ ಅದರಲ್ಲಿ ಹಾಗೇ ಉಳಿದಿವೆ.

ಸರಿಯಾದ ದಾರಿಯೆಂದರೆ ಇನ್ನೊಂದು ಡಿಸ್ಕಿಗೆ ಡೆಬಿಯನ್ 12 ಹಾಕಿ, ಕೋಹಾ ಅಳವಡಿಸಿ, ಕೋಹಾ-ರಿಸ್ಟೋರ್ ಮೂಲಕ ಹಳೆಯ ದತ್ತಾಂಶವನ್ನು ತಂದು, ಕೋಹಾ-ಅಪ್‌ಗ್ರೇಡ್-ಸ್ಕೀಮಾ ನಡೆಸುವುದು. ಕೋರ್ 2 ಡ್ಯುಯೊ 64 ಬಿಟ್‌ನದೇ ಆದ್ದರಿಂದ ಡೆಬಿಯನ್ 12ಕ್ಕೆ ಅಡ್ಡಿಯಿಲ್ಲ, ಅದಕ್ಕೆ 2028ರ ಜೂನ್‌ವರೆಗೆ ದೀರ್ಘಾವಧಿ ಬೆಂಬಲವೂ ಇದೆ. ಇರುವ ವ್ಯವಸ್ಥೆಯನ್ನೇ ಮೇಲೇರಿಸುತ್ತೇನೆ ಎಂದರೆ 9ರಿಂದ 10, 10ರಿಂದ 11, 11ರಿಂದ 12 ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ನಡುವಿನದನ್ನು ಹಾರಿಹೋಗುವುದಕ್ಕೆ ಡೆಬಿಯನ್ ಬೆಂಬಲ ಕೊಡುವುದಿಲ್ಲ.

ಪುಸ್ತಕಪಾಲಕಿ:

ಇಬ್ಬರಿಗೂ ಧನ್ಯವಾದಗಳು. ಲ್ಯಾಪ್‌ಟಾಪ್ ಬಳಸುವ ಸಲಹೆಯನ್ನು ನಾನೂ ಯೋಚಿಸಿದ್ದೆ. ಆದರೆ ಬಾರ್‌ಕೋಡ್ ಲೇಬಲ್‌ಗಳ ಪ್ರಿಂಟರ್ ಮತ್ತು ಸ್ಕ್ಯಾನರ್ ಇರುವ ಮೇಜಿನಲ್ಲಿ ಈಗ ಉಳಿದಿರುವುದು ಸರ್ವರ್ ಒಂದೇ, ಕಾಲೇಜಿನ ಇತರ ಯಂತ್ರಗಳು ಪ್ರಯೋಗಾಲಯದವು, ಅವನ್ನು ಇಲ್ಲಿಗೆ ತರಲು ಅನುಮತಿಯಿಲ್ಲ. ಪರೀಕ್ಷೆಗಳು ಹತ್ತಿರ ಬಂದಿರುವುದರಿಂದ ವಿದ್ಯಾರ್ಥಿಗಳ ಬಾಕಿಯಿಲ್ಲವೆಂಬ ಪತ್ರಗಳನ್ನು ಕೊಡುವ ಕೆಲಸ ತಡೆಯಿಲ್ಲದೆ ನಡೆಯಬೇಕು. ಡೆಬಿಯನ್ 12ರ ಕೆಲಸವನ್ನು ರಜೆಯಲ್ಲಿ, ಗೊತ್ತಿರುವವರನ್ನು ಜೊತೆಗಿಟ್ಟುಕೊಂಡು ಮಾಡಿಸುತ್ತೇನೆ. ಅಲ್ಲಿಯವರೆಗೆ ಈ ಡೆಸ್ಕ್‌ಟಾಪ್ ಬೇಕೇಬೇಕು.

ನಮ್ಮ ಸಹಾಯಕರಿಬ್ಬರು ಮೇಜಿನಲ್ಲಿ ಸರದಿಯ ಮೇಲೆ ಕೂರುತ್ತಾರೆ. ಅವರಿಗೆ ಕಪ್ಪು ಪರದೆಯ ಮೇಲೆ ಆಜ್ಞೆ ಕೊಡುವುದು ರೂಢಿಯಿಲ್ಲ. ಸಂಜೆ ಹೊರಡುವಾಗ ಎಲ್ಲ ಕಂಪ್ಯೂಟರ್‌ಗಳಂತೆ ಇದನ್ನೂ ಶಟ್‌ಡೌನ್ ಮಾಡಿಬಿಟ್ಟರೆ ಎಂಬ ಭಯವೂ ಇದೆ, ಏಕೆಂದರೆ ಓದುಗರು ಸಂಜೆಯೂ ಮನೆಯಿಂದ ಪುಸ್ತಕ ಹುಡುಕುತ್ತಾರೆ.

ಹಳೇಪೆಟ್ಟಿಗೆ:

ತೆರೆಯಿಲ್ಲದವರು ಹೇಳಿದ್ದರಲ್ಲಿ ಮುಖ್ಯವಾದ ಮಾತು ಬ್ರೌಸರಿನದು, ಅದನ್ನು ನಾನೂ ಒಪ್ಪುತ್ತೇನೆ. ಡೆಸ್ಕ್‌ಟಾಪ್ ಎಂಬುದು ತಾನಾಗಿ ಸರ್ವರ್‌ಗೆ ಅಂಥ ಕೇಡು ತರುವುದಿಲ್ಲ. ಅದರ ಮುಂದೆ ಕುಳಿತವರು ಅದರಿಂದ ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಾಗಾಗಿ ಈ ಯಂತ್ರದಲ್ಲಿ ಫೈರ್‌ಫಾಕ್ಸ್ ತೆರೆಯಬೇಕಾದದ್ದು ಕೋಹಾದ ಎರಡು ಪುಟಗಳನ್ನು ಮಾತ್ರ. ಇಮೇಲ್, ಬ್ಯಾಂಕು, ವಿಶ್ವವಿದ್ಯಾಲಯದ ಪೋರ್ಟಲ್ ಯಾವುದೂ ಬೇಡ. ಇದನ್ನು ಬಾಯಿಮಾತಿಗೆ ಬಿಡದೆ ಬ್ರೌಸರಿನಲ್ಲೇ ಕಟ್ಟುವ ಸರಳ ಉಪಾಯವಿದೆ: ಫೈರ್‌ಫಾಕ್ಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾನುಯಲ್ ಪ್ರಾಕ್ಸಿ (ಜಾಲದ ಸಂಪರ್ಕಗಳು ಹಾದುಹೋಗುವ ನಡುವಿನ ವಿಳಾಸ) ಆರಿಸಿ, ಯಾರೂ ಉತ್ತರಿಸದ ವಿಳಾಸವೊಂದನ್ನು, ಉದಾಹರಣೆಗೆ 127.0.0.1 ಮತ್ತು ಬಳಕೆಯಲ್ಲಿಲ್ಲದ ಪೋರ್ಟೊಂದನ್ನು, ಎಲ್ಲ ಪ್ರೋಟೊಕಾಲ್‌ಗಳಿಗೂ ಕೊಟ್ಟು, ಪ್ರಾಕ್ಸಿ ಬೇಡವೆಂಬ ಪಟ್ಟಿಯಲ್ಲಿ ಕೋಹಾದ ವಿಳಾಸವನ್ನಷ್ಟೇ ಬರೆಯಿರಿ. ಕೋಹಾ ತೆರೆಯುತ್ತದೆ, ಹೊರಗಿನದು ಯಾವುದೂ ತೆರೆಯುವುದಿಲ್ಲ. ಜಾಣರು ಇದನ್ನು ಬದಲಿಸಬಲ್ಲರು, ನಿಜ. ಆದರೆ ನಿಮ್ಮ ಸಹಾಯಕರು ಮರೆತು ಹೊರಗೆ ಹೋಗುವುದನ್ನು ತಡೆಯಲು ಇಷ್ಟು ಸಾಕು.

ಸಹಾಯಕರಿಗಾಗಿ ಲೈಟ್‌ಡಿಎಂ ಹಾಕಿಕೊಳ್ಳಿ, ಚಿತ್ರರೂಪದ ಲಾಗಿನ್ ಪರದೆ ಬರುತ್ತದೆ. ಅದನ್ನೂ ಶಿಫಾರಸುಗಳಿಲ್ಲದೆ, ಲೈಟ್‌ಡಿಎಂ-ಜಿಟಿಕೆ-ಗ್ರೀಟರ್ ಜೊತೆಗೆ ಅಳವಡಿಸಿ. ಡೆಬಿಯನ್‌ನಲ್ಲಿ ಯಂತ್ರದ ಪೂರ್ವನಿಯೋಜಿತ ಗುರಿ ಮೊದಲಿನಿಂದಲೂ ಗ್ರಾಫಿಕಲ್.ಟಾರ್ಗೆಟ್ ಆಗಿಯೇ ಇರುತ್ತದೆ, ಲಾಗಿನ್ ಪರದೆ ತೋರಿಸುವ ತಂತ್ರಾಂಶ ಇಲ್ಲವೆಂಬ ಕಾರಣಕ್ಕೆ ಕಪ್ಪು ಪರದೆ ಉಳಿದಿರುತ್ತದೆ. ಆದ್ದರಿಂದ ಲೈಟ್‌ಡಿಎಂ ಬಂದ ಮೇಲೆ ಬೇರೇನೂ ಬದಲಿಸದೆ ಮುಂದಿನ ಸಲ ಅದೇ ತೆರೆಯುತ್ತದೆ. ಎಂದಾದರೂ ಹಳೆಯ ಸ್ಥಿತಿಗೆ ಮರಳಬೇಕೆನಿಸಿದರೆ ಸಿಸ್ಟಂಸಿಟಿಎಲ್ ಸೆಟ್-ಡಿಫಾಲ್ಟ್ ಮಲ್ಟಿ-ಯೂಸರ್.ಟಾರ್ಗೆಟ್ ಎಂದು ಕೊಟ್ಟರಾಯಿತು, ಹಾಕಿದ್ದೇನನ್ನೂ ಕೀಳಬೇಕಾಗಿಲ್ಲ. ಸಹಾಯಕರಿಬ್ಬರಿಗೂ ಬೇರೆಬೇರೆ ಖಾತೆ ಮಾಡಿ, ಸುಡೊ ಗುಂಪಿಗೆ ಸೇರಿಸಬೇಡಿ.

ಶಟ್‌ಡೌನ್ ವಿಷಯದಲ್ಲಿ ನಿಮ್ಮ ಭಯ ಸರಿಯಾದದ್ದೇ. ಯಂತ್ರದ ಮುಂದೆ ಕುಳಿತು ಲಾಗಿನ್ ಆದ ಯಾರಿಗಾದರೂ ಅದನ್ನು ಆರಿಸುವ ಅಧಿಕಾರವನ್ನು ವ್ಯವಸ್ಥೆಯೇ ಕೊಟ್ಟಿರುತ್ತದೆ. ಸುಡೊ ಇಲ್ಲದಿದ್ದರೂ ಮೆನುವಿನಿಂದ ಆರಿಸಬಹುದು. ಇದನ್ನು ತಡೆಯುವುದು ಪಾಲಿಸಿಕಿಟ್‌ನ (ಯಾರಿಗೆ ಏನು ಮಾಡಲು ಅನುಮತಿ ಎಂದು ನಿರ್ಧರಿಸುವ ತಂತ್ರಾಂಶದ) ಕೆಲಸ. ಜಾಲದಲ್ಲಿ ಸಿಗುವ ಹೊಸ ಮಾರ್ಗದರ್ಶಿಗಳು ರೂಲ್ಸ್ ಎಂದು ಕೊನೆಯಾಗುವ, ಜಾವಾಸ್ಕ್ರಿಪ್ಟ್‌ನಂತೆ ಕಾಣುವ ಕಡತ ಬರೆಯಲು ಹೇಳುತ್ತವೆ. ಡೆಬಿಯನ್ 9ರಲ್ಲಿರುವ 0.105ನೇ ಆವೃತ್ತಿ ಅವನ್ನು ಓದುವುದೇ ಇಲ್ಲ, ದೋಷವನ್ನೂ ತೋರಿಸುವುದಿಲ್ಲ, ಹೀಗಾಗಿ ಎಷ್ಟೋ ಜನ ನಿಯಮ ಬರೆದಾಯಿತೆಂದು ನೆಮ್ಮದಿಯಾಗಿರುತ್ತಾರೆ. ಇಲ್ಲಿ ಬೇಕಾದದ್ದು /ಇಟಿಸಿ/ಪಾಲ್ಕಿಟ್-1/ಲೋಕಲ್‌ಅಥಾರಿಟಿ/50-ಲೋಕಲ್.ಡಿ ಕೋಶದಲ್ಲಿ ಪಿಕೆಎಲ್‌ಎ ಎಂದು ಕೊನೆಯಾಗುವ ಕಡತ. ಅದರ ಮೊದಲ ಸಾಲಿನಲ್ಲಿ ಚೌಕ ಆವರಣದೊಳಗೆ ಯಾವುದಾದರೊಂದು ಹೆಸರು, ಆಮೇಲೆ ಹೀಗೆ:

ಐಡೆಂಟಿಟಿ=ಯೂನಿಕ್ಸ್-ಯೂಸರ್:*

ಆ್ಯಕ್ಷನ್=ಆರ್ಗ್.ಫ್ರೀಡೆಸ್ಕ್‌ಟಾಪ್.ಲಾಗಿನ್1.ಪವರ್-ಆಫ್*;ಆರ್ಗ್.ಫ್ರೀಡೆಸ್ಕ್‌ಟಾಪ್.ಲಾಗಿನ್1.ರೀಬೂಟ್*

ರಿಸಲ್ಟ್‌ಎನಿ=ನೋ

ರಿಸಲ್ಟ್‌ಇನ್‌ಆ್ಯಕ್ಟಿವ್=ನೋ

ರಿಸಲ್ಟ್‌ಆ್ಯಕ್ಟಿವ್=ನೋ

ಈ ಕಡತದಲ್ಲಿ ಮಾತ್ರ ದೊಡ್ಡಕ್ಷರ ಸಣ್ಣಕ್ಷರ ಮುಖ್ಯ: ಐಡೆಂಟಿಟಿ, ಆ್ಯಕ್ಷನ್, ರಿಸಲ್ಟ್ ಇವುಗಳ ಮೊದಲ ಅಕ್ಷರ ದೊಡ್ಡದು; ರಿಸಲ್ಟ್‌ಗೆ ಅಂಟಿಕೊಂಡು ಬರುವ ಎನಿ, ಇನ್‌ಆ್ಯಕ್ಟಿವ್, ಆ್ಯಕ್ಟಿವ್ ಇವುಗಳ ಮೊದಲ ಅಕ್ಷರವೂ ದೊಡ್ಡದು. ಆಮೇಲೆ ಯಂತ್ರ ತಾನಾಗಿ ನಿದ್ರೆಗೆ ಜಾರದಂತೆ ಸಿಸ್ಟಂಸಿಟಿಎಲ್ ಮಾಸ್ಕ್ ಸ್ಲೀಪ್.ಟಾರ್ಗೆಟ್ ಸಸ್ಪೆಂಡ್.ಟಾರ್ಗೆಟ್ ಹೈಬರ್ನೇಟ್.ಟಾರ್ಗೆಟ್ ಹೈಬ್ರಿಡ್-ಸ್ಲೀಪ್.ಟಾರ್ಗೆಟ್ ಎಂದು ಕೊಡಿ. ಪೆಟ್ಟಿಗೆಯ ಮುಂಭಾಗದ ಗುಂಡಿಯನ್ನು ಒತ್ತಿದರೂ ಆರಬಾರದೆಂದರೆ /ಇಟಿಸಿ/ಸಿಸ್ಟಂಡಿ/ಲಾಗಿನ್‌ಡಿ.ಕಾನ್ಫ್ ಕಡತದಲ್ಲಿ ಹ್ಯಾಂಡಲ್‌ಪವರ್‌ಕೀ ಎಂಬುದರ ಮುಂದಿನ ಹ್ಯಾಶ್ ತೆಗೆದು ಇಗ್ನೋರ್ ಎಂದು ಬರೆಯಿರಿ. ಗುಂಡಿಯನ್ನು ಒತ್ತಿ ಹಿಡಿದರೆ ಆಗಲೂ ಆರುತ್ತದೆ, ಅದನ್ನು ತಂತ್ರಾಂಶದಿಂದ ತಡೆಯಲಾಗದು. ನಾನಾಗಿದ್ದರೆ ಗುಂಡಿಯ ಮೇಲೆ ಒಂದು ಚೀಟಿ ಅಂಟಿಸುತ್ತಿದ್ದೆ.

ಸಾಧ್ಯವಿದ್ದರೆ ರ್‍ಯಾಮ್ ಹೆಚ್ಚಿಸಿ. ಜಿ41ರ ಬೋರ್ಡುಗಳಲ್ಲಿ ಕೆಲವು ಡಿಡಿಆರ್2, ಕೆಲವು ಡಿಡಿಆರ್3. ಡಿಎಂಐಡಿಕೋಡ್ -ಟಿ ಮೆಮೊರಿ ಎಂದು ಕೊಟ್ಟು ಯಾವುದೆಂದು ತಿಳಿದುಕೊಂಡೇ ಅಂಗಡಿಗೆ ಹೋಗಿ.

ತೆರೆಯಿಲ್ಲದವ:

ಪರಿಸ್ಥಿತಿ ಇದಾದರೆ ನನ್ನ ವಿರೋಧವಿಲ್ಲ. ಒಂದನ್ನು ಮಾತ್ರ ಸೇರಿಸುತ್ತೇನೆ. ಡೆಸ್ಕ್‌ಟಾಪ್ ಜೊತೆಗೆ ನೆಟ್‌ವರ್ಕ್‌ಮ್ಯಾನೇಜರ್ ಬಂದರೆ ಸರ್ವರ್‌ನ ಸ್ಥಿರ ಐಪಿ ವಿಳಾಸ ಬದಲಾದೀತು ಎಂದು ಹಲವರು ಹೆದರುತ್ತಾರೆ. ಡೆಬಿಯನ್‌ನಲ್ಲಿ /ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್ ಕಡತದಲ್ಲಿ ಬರೆದಿರುವ ಸಂಪರ್ಕಗಳನ್ನು ಅದು ಮುಟ್ಟದಂತೆಯೇ ಪೂರ್ವನಿಯೋಜನೆ ಇರುತ್ತದೆ. ಹಾಗಿದ್ದರೂ ನಿಮಗೆ ಅದು ಬೇಡ. ತಾಲೀಮಿನ ಪಟ್ಟಿಯಲ್ಲಿ ಕಂಡರೆ ಯಾವ ಪ್ಯಾಕೇಜು ಅದನ್ನು ಎಳೆದು ತರುತ್ತಿದೆಯೆಂದು ನೋಡಿ ಬಿಟ್ಟುಬಿಡಿ.

ಕೀಲಿಮಣೆ ಉತ್ತರಿಸಿದ್ದು:

ಕನ್ನಡದ ಭಾಗವನ್ನು ಯಾರೂ ಹೇಳಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಅಕ್ಷರಗಳು ಸರಿಯಾಗಿ ಕಾಣಲು ಫಾಂಟ್ಸ್-ಕೆಎನ್‌ಡಿಎ ಎಂಬ ಪ್ಯಾಕೇಜು ಸಾಕು. ಅದು ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟುಗಳನ್ನು ತರುತ್ತದೆ. ಟೈಪಿಂಗ್‌ಗೆ ಐಬಸ್ (ಕೀಲಿಗಳನ್ನು ಕನ್ನಡ ಅಕ್ಷರವಾಗಿಸುವ ತಂತ್ರಾಂಶ), ಅದಕ್ಕೆ ಕನ್ನಡ ವಿನ್ಯಾಸ ಕೊಡುವ ಐಬಸ್-ಎಂ17ಎನ್ ಮತ್ತು ಅದನ್ನು ಲಾಗಿನ್ ಆದಾಗ ಎಬ್ಬಿಸುವ ಇಮ್-ಕಾನ್ಫಿಗ್ ಬೇಕು. ಶಿಫಾರಸುಗಳಿಲ್ಲದೆ ಅಳವಡಿಸುತ್ತಿರುವುದರಿಂದ ಐಬಸ್-ಜಿಟಿಕೆ ಮತ್ತು ಐಬಸ್-ಜಿಟಿಕೆ3 ಎರಡನ್ನೂ ಹೆಸರಿಸಿ ಹಾಕಿ. ಜಿಟಿಕೆ ಎಂದರೆ ಕಿಟಕಿ, ಗುಂಡಿಗಳನ್ನು ಕಟ್ಟುವ ತಂತ್ರಾಂಶ; ಫೈರ್‌ಫಾಕ್ಸ್ ಜಿಟಿಕೆ 3ರಲ್ಲಿ ನಡೆಯುತ್ತದೆ, ಎಕ್ಸ್‌ಎಫ್‌ಸಿಇ 4.12ರ ಬಹುಭಾಗ ಜಿಟಿಕೆ 2ರಲ್ಲಿದೆ. ಒಂದನ್ನು ಬಿಟ್ಟರೆ ಬ್ರೌಸರಿನಲ್ಲಿ ಕನ್ನಡ ಬಂದು ಕಡತಗಳ ಹೆಸರಿನಲ್ಲಿ ಬರದಿರುವುದೋ, ಅದರ ತಿರುಗುಮುರುಗೋ ಆಗುತ್ತದೆ.

ಐಬಸ್‌ನ ಆದ್ಯತೆಗಳಲ್ಲಿ ಕನ್ನಡದ ಕೆಳಗೆ ಕೆಜಿಪಿ ಎಂದಿರುವುದನ್ನು ಆರಿಸಿ. ಅದೇ ನುಡಿ ತಂತ್ರಾಂಶದಲ್ಲಿ ನಮಗೆಲ್ಲ ರೂಢಿಯಾಗಿರುವ ಕಗಪ ವಿನ್ಯಾಸ. ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲೂ ಕಗಪ ಎಂಬ ಆಯ್ಕೆಯೊಂದು ಕಾಣುತ್ತದೆ. ಅದು ಎಕ್ಸ್‌ನದು, ಒಂದು ಕೀಲಿಗೆ ಒಂದು ಅಕ್ಷರವನ್ನಷ್ಟೇ ಕೊಡಬಲ್ಲುದು. ವ್ಯಂಜನದ ನಂತರ ಸ್ವರ ಒತ್ತಿದರೆ ತಾನಾಗಿ ಗುಣಿತಾಕ್ಷರವಾಗುವ ಸೌಕರ್ಯ ಐಬಸ್‌ನದರಲ್ಲಿ ಮಾತ್ರ ಇದೆ. ಬಾರ್‌ಕೋಡ್ ಸ್ಕ್ಯಾನರ್ ಬಳಸುವಾಗ ಕನ್ನಡ ವಿನ್ಯಾಸ ಚಾಲ್ತಿಯಲ್ಲಿ ಇರದಂತೆ ನೋಡಿಕೊಳ್ಳಿ. ಸ್ಕ್ಯಾನರ್ ಕೂಡ ಕಂಪ್ಯೂಟರಿನ ಕಣ್ಣಿಗೆ ಒಂದು ಕೀಲಿಮಣೆಯೇ, ಬಾರ್‌ಕೋಡಿನಲ್ಲಿ ಇಂಗ್ಲಿಷ್ ಅಕ್ಷರವಿದ್ದರೆ ಅದು ಕನ್ನಡವಾಗಿ ಬಂದು ಪುಸ್ತಕ ಸಿಗಲಿಲ್ಲವೆನ್ನುತ್ತದೆ.

ಪುಸ್ತಕಪಾಲಕಿ:

ಎಲ್ಲರ ಸಲಹೆಯಂತೆ ಮಾಡಿದೆವು. ಬ್ಯಾಕಪ್ ಪೆನ್ ಡ್ರೈವಿನಲ್ಲಿದೆ, ತಾಲೀಮಿನಲ್ಲಿ ತೆಗೆದುಹಾಕುವ ಪಟ್ಟಿ ಖಾಲಿಯಿತ್ತು. ಡೆಸ್ಕ್‌ಟಾಪ್ ಬಂದಿದೆ, ಕೋಹಾ ಮೊದಲಿನಂತೆಯೇ ನಡೆಯುತ್ತಿದೆ, ಶಟ್‌ಡೌನ್ ಮೆನುವಿನಿಂದ ಯಂತ್ರ ಆರುತ್ತಿಲ್ಲ. ಎರಡು ತೊಡಕುಗಳು ಉಳಿದಿವೆ. ಸಹಾಯಕರು ಲಾಗಿನ್ ಪರದೆಯಿಂದ ಹೋದರೆ ಕನ್ನಡ ಬರುತ್ತದೆ, ಆದರೆ ನಾನು ನನ್ನ ಖಾತೆಯಲ್ಲಿ ಕಪ್ಪು ಪರದೆಯಿಂದ ಸ್ಟಾರ್ಟ್‌ಎಕ್ಸ್ ಕೊಟ್ಟು ಹೋದಾಗ ಐಬಸ್ ಇರುವುದೇ ಇಲ್ಲ. ನನ್ನ ಖಾತೆಯಲ್ಲಿ .ಎಕ್ಸ್‌ಇನಿಟ್‌ಆರ್‌ಸಿ ಎಂಬ ಕಡತವೊಂದಿದೆ, ಅದರಲ್ಲಿ ಸ್ಟಾರ್ಟ್‌ಎಕ್ಸ್‌ಎಫ್‌ಸಿಇ4 ಎಂಬ ಒಂದೇ ಸಾಲಿದೆ. ಎರಡನೆಯದು, ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಪರದೆ ಕಪ್ಪಾಗುತ್ತದೆ. ಕೀಲಿ ಒತ್ತಿದರೆ ಮರಳಿ ಬರುತ್ತದೆಯಾದರೂ, ಯಂತ್ರ ಆರಿತೆಂದು ಸಹಾಯಕರು ಗಾಬರಿಯಾಗುತ್ತಾರೆ.

ಕೀಲಿಮಣೆ:

ಮೊದಲನೆಯದಕ್ಕೆ ಕಾರಣ ಆ ಕಡತವೇ. ಡೆಬಿಯನ್‌ನಲ್ಲಿ ಸ್ಟಾರ್ಟ್‌ಎಕ್ಸ್ ಕೊಟ್ಟಾಗ ಸಾಮಾನ್ಯವಾಗಿ ವ್ಯವಸ್ಥೆಯ ಎಕ್ಸ್‌ಸೆಷನ್ ಸ್ಕ್ರಿಪ್ಟ್‌ಗಳು (ತಾನಾಗಿ ನಡೆಯುವ ಆಜ್ಞೆಗಳ ಕಡತಗಳು) ನಡೆದು, ಅವುಗಳಲ್ಲಿ ಇಮ್-ಕಾನ್ಫಿಗ್‌ನ ಸರದಿಯೂ ಬಂದು ಐಬಸ್ ಎದ್ದೇಳುತ್ತದೆ. ಮನೆಕೋಶದಲ್ಲಿ .ಎಕ್ಸ್‌ಇನಿಟ್‌ಆರ್‌ಸಿ ಇದ್ದರೆ ಅದು ಆ ಸ್ಕ್ರಿಪ್ಟ್‌ಗಳನ್ನೆಲ್ಲ ಬದಿಗೊತ್ತಿ ತಾನೊಂದೇ ನಡೆಯುತ್ತದೆ. ಬೇರೆ ಲಿನಕ್ಸ್ ಹಂಚಿಕೆಗಳಿಗೆ ಬರೆದ ಮಾರ್ಗದರ್ಶಿಗಳು ಅದನ್ನು ಬರೆಯಲು ಹೇಳುತ್ತವೆ, ಡೆಬಿಯನ್‌ಗೆ ಅದರ ಅಗತ್ಯವಿಲ್ಲ. ಅಳಿಸಿಬಿಡಿ. ಯಂತ್ರದಲ್ಲಿ ಇರುವುದು ಎಕ್ಸ್‌ಎಫ್‌ಸಿಇ ಒಂದೇ ಆದ್ದರಿಂದ ಅದೇ ತೆರೆಯುತ್ತದೆ. ಮುಂದೆ ಬೇರೆ ಡೆಸ್ಕ್‌ಟಾಪ್ ಕೂಡ ಹಾಕಿದರೆ ಅದೇ ಸಾಲನ್ನು .ಎಕ್ಸ್‌ಸೆಷನ್ ಎಂಬ ಕಡತದಲ್ಲಿ ಬರೆಯಿರಿ, ಅದಕ್ಕೆ ಎಕ್ಸ್‌ಸೆಷನ್ ಸ್ಕ್ರಿಪ್ಟ್‌ಗಳ ನಂತರವೇ ಸರದಿ ಬರುತ್ತದೆ.

ಹಳೇಪೆಟ್ಟಿಗೆ:

ಪರದೆ ಕಪ್ಪಾಗುವುದು ಎಕ್ಸ್‌ನ ಸ್ವಂತ ಅಭ್ಯಾಸ, ಪೂರ್ವನಿಯೋಜಿತವಾಗಿ 10 ನಿಮಿಷಗಳ ನಂತರ ಅದು ಪರದೆಯನ್ನು ಆರಿಸುತ್ತದೆ. ಎಕ್ಸ್‌ಎಫ್‌ಸಿಇಯ ಸೆಷನ್ ಮತ್ತು ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಸೆಟ್ ಎಸ್ ಆಫ್ -ಡಿಪಿಎಂಎಸ್ ಎಂಬ ಆಜ್ಞೆಯನ್ನು ಸೇರಿಸಿದರೆ ಅದು ನಿಲ್ಲುತ್ತದೆ. ಎಕ್ಸ್‌ಸೆಟ್ ಇಲ್ಲವೆಂದರೆ ಎಕ್ಸ್11-ಎಕ್ಸ್‌ಸರ್ವರ್-ಯುಟಿಲ್ಸ್ ಪ್ಯಾಕೇಜು ಹಾಕಿ. ಪರದೆಗೆ ಬೀಗ ಬೇಕೆನಿಸಿ ಲೈಟ್-ಲಾಕರ್ ಹಾಕಲು ಹೋಗಬೇಡಿ. ಆ ಕಾಲದ ಆವೃತ್ತಿಗಳಲ್ಲಿ ಇಂಟೆಲ್ ಗ್ರಾಫಿಕ್ಸ್ ಮೇಲೆ ಬೀಗ ತೆಗೆದಾಗ ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು, ಹೊರಬರಲು ಕಂಟ್ರೋಲ್, ಆಲ್ಟ್, ಎಫ್ 1 ಒತ್ತಿ ಕನ್ಸೋಲಿಗೆ ಹೋಗಿ ಸೆಷನ್ ಕೊಲ್ಲಬೇಕಾಗುತ್ತಿತ್ತು. ಎಕ್ಸ್‌ಸ್ಕ್ರೀನ್‌ಸೇವರ್‌ನ ಬೀಗ ಸಾಕು. ರಜೆಯಲ್ಲಿ ಡೆಬಿಯನ್ 12ಕ್ಕೆ ಹೋಗುವಾಗ ಮೇಲೆ ಬರೆದ ಪಿಕೆಎಲ್‌ಎ ಕಡತವನ್ನು ಜೊತೆಗೆ ಒಯ್ಯಬೇಡಿ, ಅಲ್ಲಿ ಪಾಲಿಸಿಕಿಟ್ ಹೊಸದು, ರೂಲ್ಸ್ ಕಡತವನ್ನೇ ಬರೆಯಬೇಕು. ಆ ಕೆಲಸ ಶುರುಮಾಡುವ ಮುನ್ನ ಇಲ್ಲೇ ಕೇಳಿ, ಬರೆದುಕೊಡುತ್ತೇನೆ.